ಬಾತಿನ ಗೂಡಿನ ಹಾಸು

ಆ ಬೆಳಿಗ್ಗೆ ಗೂಡಿನ ಮುಂದೆ ಇಷ್ಟು ಜನ ಇದ್ದೆವು. ಹಗ್ಗದ ಹೊರಸಿನ ಮೇಲೆ ಗೂಡಿನ ಯಜಮಾನನಾದ ಆತ, ಬಗ್ಗದ ಮೊಣಕಾಲನ್ನು ಮುಂದಕ್ಕೆ ಚಾಚಿಕೊಂಡು. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಪಂಪಾಪತಿ; ವಡ್ಡು ಎಂಬ ಊರಿನ ಹುಡುಗ, ಆ ಕಡೆಯ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುವವನು. ಅವನ ಪಕ್ಕಕ್ಕೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ದೊಡ್ಡವ್ವ, ತೊಡೆಯ ಮೇಲೆ ಎಲೆ ಅಡಿಕೆಯ ಚೀಲ. ನಡುವಿನವರಾಗಿ ನಾನು ಮತ್ತು ನನ್ನ ಹೆಂಡತಿ. ಗೂಡಿನ ಬಾಗಿಲಲ್ಲಿ ಮುಳ್ಳುಸಲಿಕೆ ಹಿಡಿದು ನಿಂತವಳು ಆತನ ಮಗಳು ಹುಲಿಗೆಮ್ಮ. ಇವರು ಬಂದದ್ದು ತನ್ನನ್ನು ಕೇಳಲು ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಬಾತುಗಳ ಕಡೆಗೇ ಮುಖ ಮಾಡಿಕೊಂಡಿದ್ದಳು.

ಒಗ್ಗರಣಿ ಮಿರ್ಚಿ ತಿಂದು, ಚಹಾ ಕುಡಿದು, ದೊಡ್ಡವ್ವ ಚೀಲದ ಬಾಯಿ ಬಿಚ್ಚುವ ಹೊತ್ತಿಗೆ ಆತ ಕೈ ಎತ್ತಿ ತಡೆದ.

"ಕೇಳಾಕ ಬಂದೀರಿ, ಸಂತೋಷ. ಕೊಡಾಂಗಿಲ್ಲ ಅಂತ ನಾ ಅನ್ನಾಂಗಿಲ್ಲ. ಆದರ ಇಕಿ ಈ ಗೂಡಿನಾಗ ಬೆಳದಾಕಿ. ಇಕಿನ್ನ ಒಯ್ಯಾಂವ ಈ ಗೂಡು ಬಲ್ಲಾಂವ ಆಗಿರಬೇಕು. ಬಾತಿನ ಕಾಲಡಿ ಹೊಸಾ ಹಾಸು ಹಾಕೋ ಹೊತ್ತು ಈಗ. ಮಳಿಗಾಲ ಪೂರಾ ನೀ ನೋಡ್ಕೊ. ಒಂದು ಸಲಾನೂ ಹೊಲಸು ಬಳದು ತೆಗೀಬಾರದು. ಭತ್ತ ಕೊಯ್ಯಾಕ ಮಷಿನ್ ಬಂದಾಗ ನಾ ಒಂದು ಹಿಡಿ ಹಾಸು ಹಿಚುಕಿ ನೋಡ್ತೀನಿ. ಒಣಗಿದ್ರ ಕರ್ಕೊಂಡು ಹೋಗು. ಹಸಿ ಇದ್ರ ಬಂದ ಬಸ್ಸಿಗೇ ಹೋಗು."

ದೊಡ್ಡವ್ವ ನಕ್ಕಳು. ಹುಡುಗನೂ ನಕ್ಕ. ನಾನೂ ನಕ್ಕೆ. ನನ್ನ ಹೆಂಡತಿ ಮಾತ್ರ ನಗಲಿಲ್ಲ. ಆಕೆಗೆ ಆತನ ಮಾತಿನ ರುಚಿ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆತ ತೀರಿಕೊಂಡು ಬಹಳ ದಿನವಾಗಿಲ್ಲ. ಬರೆಯಬೇಕೆಂದು ಕುಳಿತಾಗ ಮಗಳ ಹೆಸರು, ಹುಡುಗನ ಹೆಸರು ಎರಡನ್ನೂ ಬದಲಿಸಿಕೊಂಡೆ. ಆತನಿಗೆ ಒಪ್ಪುವ ಬದಲಿ ಹೆಸರು ಸಿಗಲಿಲ್ಲ, ಬಿಟ್ಟಿದ್ದೇನೆ. ನಮ್ಮ ಮನೆ ಇರುವುದು ಕಂಪ್ಲಿಯ ಹೊರಗೆ, ಕಾಲುವೆಯ ದಂಡೆಗೆ. ಆತನ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಜಾಲಿಮುಳ್ಳಿನ ಬೇಲಿ. ನಾನು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಗಿರಣಿಯ ಹೊಟ್ಟು ಆತನಿಗೆ ಬೇಕಾಗಿತ್ತು, ಆತನ ಮಾತು ನನಗೆ ಬೇಕಾಗಿತ್ತು. ಹೀಗೆ ನಮ್ಮ ಸ್ನೇಹ.

ಕೆಟ್ಟವರ ಮಾತು ಬೆಲ್ಲ ಇದ್ದ ಹಾಗೆ, ಹಲ್ಲು ಹುಳುಕಾದ ಮೇಲೆಯೇ ತಿಳಿಯುವುದು ಎಂದು ನಮ್ಮ ಅಜ್ಜಿ ಅನ್ನುತ್ತಿದ್ದಳು. ಆತ ಬಾತುಗಳಿಗೆ ತನ್ನ ನೆಂಟರ ಹೆಸರಿಡುತ್ತಿದ್ದ. ಕುಂಟುವುದಕ್ಕೆ ಕುಂಟುವ ಚಿಕ್ಕಪ್ಪನ ಹೆಸರು, ಮೊಟ್ಟೆ ಇಡದೆ ಬರೀ ಕಿರುಚುವುದಕ್ಕೆ ಅತ್ತಿಗೆಯ ಹೆಸರು. ಒಮ್ಮೆ ಗಾದಿಗನೂರಿನಿಂದ ಆತನ ಹೆಂಡತಿಯ ತಮ್ಮ ಬಂದಿದ್ದ. ಊಟಕ್ಕೆ ಕೂಡಿಸಿ ಬಾತಿನ ಸಾರು ಬಡಿಸಿದ. ಪಾಪ, ಅವನು ಬೆರಳು ನೆಕ್ಕಿ ಊಟ ಮಾಡಿ ಏಳುವಾಗ ಆತ ಮೆತ್ತಗೆ ಹೇಳಿದ್ದು ಇಷ್ಟು: ನೀ ಇವತ್ತು ತಿಂದದ್ದು ನಿನ್ನನ್ನೇ ನೋಡಪ್ಪಾ, ಎರಡು ವರ್ಷ ಸಾಕಿದೆ, ಒಂದು ತತ್ತೀನೂ ಇಡಲಿಲ್ಲ. ಅವನಿಗೆ ಮಕ್ಕಳಿರಲಿಲ್ಲ. ನಾವು ಅಲ್ಲಿದ್ದವರೆಲ್ಲ ನಕ್ಕೆವು. ನಗುವ ಮಾತಲ್ಲ ಎಂದು ತಿಳಿಯುವಷ್ಟರಲ್ಲಿ ನಗು ಬಾಯಿಂದ ಹೊರಗೆ ಬಿದ್ದಿರುತ್ತಿತ್ತು. ಆತನ ಮಾತಿನ ಕೈವಾಡ ಅದು.

ನಮಗೂ ಮಕ್ಕಳಿಲ್ಲ. ಬಾತುಗಳು ತಮ್ಮ ಮೊಟ್ಟೆಗೆ ತಾವು ಕಾವು ಕೂರುವುದು ಕಡಿಮೆ. ಕೋಳಿಯ ಕೆಳಗಿಟ್ಟು ಮರಿ ಮಾಡಿಸುತ್ತಾರೆ. ಒಂದು ಸಲ ಆತನ ಕಾವಿನ ಕೋಳಿ ಸತ್ತುಹೋಯಿತು. ನನ್ನ ಹೆಂಡತಿ, ನಮ್ಮದೊಂದು ಹೇಟೆ ಕಾವಿಗೆ ಕುಳಿತಿದೆ, ಬೇಕಾದರೆ ಒಯ್ಯಿರಿ ಎಂದು ಬೇಲಿಯ ಈಚೆಯಿಂದಲೇ ಹೇಳಿದಳು. ಆತ ಅವಳನ್ನು ನೋಡಿ, "ಬ್ಯಾಡವ್ವ, ನಿಮ್ಮ ಮನ್ಯಾಗ ಇಟ್ಟದ್ದು ಒಡಿಯಾಂಗಿಲ್ಲ," ಅಂದ. ಅವಳು ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಅಂದಿನಿಂದ ಆ ಮನೆಯ ಚಹಾ ಮುಟ್ಟಲಿಲ್ಲ. ನಾನು ಕುಡಿಯುವುದನ್ನು ಬಿಡಲಿಲ್ಲ. ಆ ಹುಡುಗಿಗಾಗಿ ಅವಳೂ ಬೇಲಿ ದಾಟುವುದನ್ನು ಬಿಡಲಿಲ್ಲ. ಹಬ್ಬ ಬಂದರೆ ಹೋಳಿಗೆ ಆ ಕಡೆಗೆ ಹೋಗುತ್ತಿತ್ತು, ಹುಲಿಗೆಮ್ಮನ ಕೈಗೆ.

ಹುಲಿಗೆಮ್ಮನ ತಾಯಿ ಹೋದದ್ದು ಅವಳು ಲಂಗ ತೊಡುವ ವಯಸ್ಸಿನಲ್ಲಿ. ಹೆಣ ಅಂಗಳದಲ್ಲಿತ್ತು, ಹೆಂಗಸರು ಅಳುತ್ತಿದ್ದರು. ಆತ ಹೊರಗೆ ಬಂದು, ಅಳುವವರು ರಸ್ತೆಯ ಕಡೆ ಹೋಗಿ ಅಳಿರಿ, ಬಾತು ಬೆದರಿದರೆ ನಾಳೆ ತತ್ತಿ ಇಡುವುದಿಲ್ಲ ಎಂದ. ಹೇಳಿ, ಗೂಡಿನೊಳಗೆ ಹೋಗಿ, ಆ ದಿನದ ಹೊಟ್ಟು ಹರವಿಯೇ ಬಂದ. ಆಗ ಮೊಣಕಾಲು ಬಗ್ಗುತ್ತಿತ್ತು. ಆಮೇಲೆ ಅದು ಕೈಕೊಟ್ಟಿತು. ಗೂಡಿನ ಜಂತಿ ಎದೆಮಟ್ಟಕ್ಕಿತ್ತು, ಬಗ್ಗದೆ ಒಳಗೆ ಹೋಗುವ ಹಾಗಿರಲಿಲ್ಲ. ಆವತ್ತಿನಿಂದ ಸಲಿಕೆ ಮಗಳ ಕೈಗೆ ಬಂತು, ನಾಲಿಗೆ ಆತನ ಬಳಿ ಉಳಿಯಿತು.

ಗೂಡಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಬಾತು ಸಾಕುವವರು ಕಡಿಮೆ. ಕೊಯ್ಲಾದ ಗದ್ದೆಗೆ ಆಂಧ್ರದ ಕಡೆಯಿಂದ ಹಿಂಡು ಹೊಡೆದುಕೊಂಡು ಬರುವವರುಂಟು, ಅವರು ಮೇಯಿಸಿಕೊಂಡು ಹೋಗಿಬಿಡುತ್ತಾರೆ. ಆತ ಮಾತ್ರ ವರ್ಷವಿಡೀ ಗೂಡಿನಲ್ಲಿ ಇಟ್ಟಿದ್ದ. ಮೊಟ್ಟೆ ಹೊಸಪೇಟೆಯ ಖಾನಾವಳಿಗಳಿಗೆ, ಹಂಪಿಯ ಕಡೆ ವಿದೇಶದವರು ಇಳಿಯುವ ಹೋಟೆಲುಗಳಿಗೆ ಹೋಗುತ್ತಿತ್ತು. ಬಾತು ಎಂದರೆ ನೀರು. ಅದು ಕುಡಿಯುವುದಕ್ಕಿಂತ ಚೆಲ್ಲುವುದು ಹೆಚ್ಚು, ಹಿಕ್ಕೆಯೂ ನೀರೇ. ಬೇರೆಯವರಾದರೆ ದಿನಾ ಬಳಿದು, ತೊಳೆದು, ಸೊಂಟ ಮುರಿದುಕೊಂಡು ಮೂರು ತಿಂಗಳಿಗೆ ಮಾರಿಬಿಡುತ್ತಿದ್ದರು. ಆತ ಬಳಿಯುತ್ತಲೇ ಇರಲಿಲ್ಲ. ನೆಲಕ್ಕೆ ಭತ್ತದ ಹೊಟ್ಟು, ಶೇಂಗಾ ಸಿಪ್ಪೆ, ಕಬ್ಬಿನ ಒಣಗಿದ ಗರಿಯ ರವದಿ ಹಾಸುವುದು. ಹೊಲಸಾದ ಕಡೆ ಅದರ ಮೇಲೇ ಒಣ ಹೊಟ್ಟು ಚೆಲ್ಲುವುದು. ಕೋಳಿಯಾದರೆ ತಾನೇ ಕೆದರಿಕೊಳ್ಳುತ್ತದೆ, ಬಾತು ತುಳಿದು ಚಪ್ಪಟೆ ಮಾಡುತ್ತದೆ. ಅದಕ್ಕೇ ಮುಳ್ಳುಸಲಿಕೆಯಿಂದ ಆಗಾಗ ಎತ್ತಿ ಸಡಿಲ ಮಾಡುವುದು. ನೀರಿನ ತೊಟ್ಟಿ ಗೂಡಿನ ಹೊರಗೆ ಚಪ್ಪಡಿಯ ಮೇಲೆ. ಇಷ್ಟು ಮಾಡಿದರೆ ಕೆಳಗಿನದು ತನ್ನಷ್ಟಕ್ಕೆ ಬೆಂದು ಗೊಬ್ಬರವಾಗುತ್ತದೆ, ವಾಸನೆ ಬರುವುದಿಲ್ಲ, ಚಳಿಗಾಲದಲ್ಲಿ ಬರಿಗಾಲಿಟ್ಟರೆ ಬೆಚ್ಚಗೆ. ವರ್ಷಕ್ಕೊಮ್ಮೆ, ಕಾಲುವೆಗೆ ನೀರು ಬಿಡುವ ಮುಂಚೆ ಪೂರಾ ತೆಗೆದು ಗದ್ದೆಗೆ ಹಾಕುವುದು. ಆಗಲೂ ಒಂದು ಪುಟ್ಟಿಯಷ್ಟು ಹಳೆಯದನ್ನು ಉಳಿಸಿಕೊಂಡು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸ ಹಾಸಿನೊಳಗೆ ಬೆರೆಸುತ್ತಿದ್ದ. ಆ ಹೆಪ್ಪು ತನ್ನ ತಂದೆಯ ಕಾಲದಿಂದ ಬಂದದ್ದು ಎಂದು ಆತನಿಗೆ ಜಂಬ.

"ಹೊಲಸು ತೆಗದಷ್ಟೂ ನಾರ್ತೈತಿ. ಮ್ಯಾಲೆ ಒಣದು ಹಾಕಬೇಕು, ಸುಮ್ನಿರಬೇಕು," ಎನ್ನುತ್ತಿದ್ದ. ಮನುಷ್ಯರ ಜೊತೆಗೂ ಆತನ ವ್ಯವಹಾರ ಹಾಗೇ ಇತ್ತು. ಇಂದು ಒಂದು ಮಾತು ಆಡಿ ಚುಚ್ಚಿದರೆ ನಾಳೆ ಅದರ ಮೇಲೆ ಒಂದು ತಮಾಷೆ ಚೆಲ್ಲುತ್ತಿದ್ದ. ತಪ್ಪಾಯಿತು ಎಂಬ ಮಾತನ್ನು ಆತನ ಬಾಯಲ್ಲಿ ನಾನು ಕೇಳಿಲ್ಲ.

ಇಂಥವನ ಮಗಳನ್ನು ಪಂಪಾಪತಿ ಒಪ್ಪಿದ್ದು ನಮ್ಮ ಗಿರಣಿಯಲ್ಲಿ. ಅವನು ಗೆಳೆಯನ ಟ್ರ್ಯಾಕ್ಟರಿನಲ್ಲಿ ಭತ್ತ ತಂದಿದ್ದ, ಅವಳು ಹೊಟ್ಟು ತುಂಬಲು ಬಂದಿದ್ದಳು. ಅವಳ ಚೀಲ ಎತ್ತಿಕೊಡಲು ಹೋದ, ಅವಳು ಕೊಡಲಿಲ್ಲ. ಮತ್ತೆ ಭತ್ತವಿಲ್ಲದಿದ್ದರೂ ಗಿರಣಿಗೆ ಬರತೊಡಗಿದ. ನನಗೆ ತಿಳಿಯಿತು, ಹೆಂಡತಿಗೆ ಹೇಳಿದೆ, ಅವಳು ಹುಲಿಗೆಮ್ಮನನ್ನು ಕೇಳಿದಳು. ವಯಸ್ಸು ಮೀರುತ್ತಿದ್ದ ಹುಡುಗಿ. ಬಂದ ಸಂಬಂಧಗಳನ್ನೆಲ್ಲ ಅಪ್ಪ ಒಂದೊಂದು ಮಾತಿನಲ್ಲಿ ಅಟ್ಟಿದ್ದ. ಈ ಸಲ ಅವಳು ನನ್ನ ಹೆಂಡತಿಯ ಕೈ ಹಿಡಿದುಕೊಂಡು, ಅಕ್ಕಾ ಇದೊಂದನ್ನ ಕೆಡಸಾಕ ಬಿಡಬ್ಯಾಡ ಅಂದಳಂತೆ.

ಆತನ ಶರತ್ತು ತಮಾಷೆಯಲ್ಲ ಎಂದು ತಿಳಿದ ಮೇಲೂ ಪಂಪಾಪತಿ ಹಿಂದೆಗೆಯಲಿಲ್ಲ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ನೇರ ಕಂಪ್ಲಿಗೆ ಬರುತ್ತಿದ್ದ, ಕಣ್ಣು ಕೆಂಪಗೆ, ತಲೆಯಲ್ಲಿ ಕೆಂಪು ಧೂಳು. ಹಗಲು ಪಾಳಿಯಿದ್ದ ವಾರ ಸಂಜೆಗೆ ಬರುತ್ತಿದ್ದ. ಮೊದಲ ವಾರವೇ ಎಡವಿದ. ಹೊಲಸು ಕಂಡಲ್ಲಿ ತೆಗೆಯುವುದು ಮನುಷ್ಯನ ಸ್ವಭಾವ ತಾನೆ. ಮೇಲಿನ ಪದರವನ್ನೆಲ್ಲ ಕೆರೆದು ಆಚೆ ಎಸೆದ. ಮರುದಿನ ಕಣ್ಣುರಿಯುವ ಘಾಟು. ಆತ ಹೊರಸಿನ ಮೇಲಿಂದಲೇ, ಹುಣ್ಣಿನ ಹೊಪ್ಪಳಿ ಕಿತ್ತೀ, ಇನ್ನು ನೊಣ ಹೊಡಿ ಎಂದು ನಕ್ಕ.

ಮಗಳು ಮತ್ತು ಹುಡುಗ ಒಬ್ಬರ ಜೊತೆ ಒಬ್ಬರು ಮಾತಾಡಕೂಡದು, ಕಲಿಸಿಕೊಡಕೂಡದು ಎಂಬುದು ಆತನ ಇನ್ನೊಂದು ಕಟ್ಟಳೆ. ಹುಲಿಗೆಮ್ಮ ಕಟ್ಟಳೆ ಮೀರಲಿಲ್ಲ. ಬಾತುಗಳ ಜೊತೆ ಮಾತಾಡಿದಳು. ಕೊರಳಿಗೆ ಬಿಳಿ ಪಟ್ಟೆ ಇದ್ದ ಒಂದು ಹೆಣ್ಣು ಬಾತು ಅವಳ ಹಿಂದೆಯೇ ತಿರುಗುತ್ತಿತ್ತು. ಹುಡುಗ ಒಳಗೆ ಕೆಲಸ ಮಾಡುವಾಗ ಇವಳು ಹೊರಗೆ ತೌಡು ಕಲಸುತ್ತ ಅದಕ್ಕೆ ಹೇಳುತ್ತಿದ್ದಳು.

"ಏ ಬಿಳೀ, ಹಸಿ ರವದಿ ಹಾಕಿದ್ರ ಬೂಸಲು ಹಿಡದು ನಿಮಗ ಕೆಮ್ಮು ಬರ್ತೈತಿ ಅಂತ ಹೇಳು ಅವನಿಗೆ. ಹಿಡಿ ಹಿಡಕೊಂಡು ಹಿಚುಕಿ ನೋಡು ಅನ್ನು. ಉಂಡಿ ಆದ್ರ ಹಸಿ, ಉದುರಿದ್ರ ಛಲೋ."

ಒಳಗಿನಿಂದ ಹುಡುಗ, "ಬಿಳೀ, ಮೂಲ್ಯಾಗ ಏನು ಹಾಕಲಿ ಕೇಳು," ಅನ್ನುತ್ತಿದ್ದ.

"ಬೂದಿ ಅಂತ ಹೇಳು. ಒಲೀದು. ತಣ್ಣಗಾದದ್ದು. ಪುಣ್ಯಾತ್ಮ ಕೆಂಡ ಹಾಕಿಗೀಕಿಯಾನು."

ಬೇಲಿಯ ಈ ಕಡೆ ಬಟ್ಟೆ ಒಣಹಾಕುತ್ತ ನನ್ನ ಹೆಂಡತಿ ಇದನ್ನೆಲ್ಲ ಕೇಳಿ ಬಂದು ನನಗೆ ಹೇಳಿ ನಗುತ್ತಿದ್ದಳು. ಆ ಮಳೆಗಾಲದಲ್ಲಿ ಅವಳು ನಕ್ಕಷ್ಟು ಮತ್ತೆ ನಕ್ಕದ್ದು ನನಗೆ ನೆನಪಿಲ್ಲ.

ಆತನೂ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ ನನ್ನನ್ನು ಊಟಕ್ಕೆ ಕರೆದ. ಪಂಪಾಪತಿಯನ್ನೂ ಕೂಡಿಸಿದ. ಹುಲಿಗೆಮ್ಮ ಬಾತಿನ ಸಾರು ಬಡಿಸಲು ಬಂದಾಗ ಅವಳ ಮುಖ ನೆಟ್ಟಗಿರಲಿಲ್ಲ. ಅಂಗಳದಲ್ಲಿ ಬಿಳಿ ಪಟ್ಟೆಯ ಬಾತು ಕಾಣಲಿಲ್ಲ. ಆತ ಅನ್ನ ಕಲಸುತ್ತ, "ಭಾಳ ಮಾತಾಡ್ತಿತ್ತು," ಅಂದ. ಪಂಪಾಪತಿ ತುತ್ತು ಕೆಳಗಿಟ್ಟು ಎದ್ದು ಹೋಗಿ ಕೈ ತೊಳೆದ. ನಾನು ಎದೆಗಟ್ಟಿ ಮಾಡಿಕೊಂಡು, ಇದು ಅತಿ ಆಯಿತು ಎಂದೆ. ಬಾತು ಸಾಕೋದು ಕೊಯ್ಯಾಕ ಅಲ್ಲೇನೋ ಎಂದು ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿಸಿದ.

ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ಮಾತೇ ಇರಲಿಲ್ಲ. ಕೆಲಸ ಮಾತ್ರ ಇತ್ತು. ಹುಡುಗ ಕಲಿತಿದ್ದ. ಮಳೆ ಹೊಡೆಯಿತು, ಕಾಲುವೆ ತುಂಬಿ ಹರಿಯಿತು, ಊರೆಲ್ಲ ಬೂಸಲು ಹಿಡಿಯಿತು; ಆ ಗೂಡಿನ ಹಾಸು ಮಾತ್ರ ಒಂದು ಮೊಳ ಏರಿ, ಉದುರುದುರಾಗಿ, ಹುರಿದ ರವೆಯ ಹಾಗೆ ಇತ್ತು. ನಾನೇ ಕಾಲಿಟ್ಟು ನೋಡಿದೆ. ಒಂದು ಬಾತಿನ ಪಾದದಲ್ಲೂ ಬಾವಿರಲಿಲ್ಲ. ಕೊಯ್ಲಿನ ಮಷಿನ್ ಬಂದು ನಮ್ಮ ರಸ್ತೆಯಲ್ಲಿ ನಿಂತಿತು. ಹುಲಿಗೆಮ್ಮ ನನ್ನ ಹೆಂಡತಿಯ ಜೊತೆ ಹೊಸಪೇಟೆಗೆ ಹೋಗಿ ಒಂದು ಸೀರೆ ತಂದು ನಮ್ಮ ಮನೆಯ ಪೆಟ್ಟಿಗೆಯಲ್ಲಿಟ್ಟಳು. ಪಂಪಾಪತಿ ಹಿಂದಿನ ಸಂಜೆ ಬಂದು, ನಾಲ್ಕೂ ಮೂಲೆಯ ಹಿಡಿ ಹಿಚುಕಿ ನೋಡಿ, ಬೇಲಿಯ ಮೇಲಿಂದ ನನಗೆ ಕೈ ತೋರಿಸಿ ಹೋದ. ಬೆರಳ ಸಂದಿಯಿಂದ ಹೊಟ್ಟು ಪುಡಿಯಾಗಿ ಉದುರಿತು.

ಮರುದಿನ ಬೆಳಿಗ್ಗೆ ಮತ್ತೆ ಅಷ್ಟೇ ಜನ ಸೇರಿದೆವು. ದೊಡ್ಡವ್ವನ ಚೀಲ ಈ ಸಲ ದೊಡ್ಡದಿತ್ತು. ಆತ ಹುಡುಗನಿಗೆ, ಹಿಂದಿನ ಮೂಲಿಯಿಂದ ಒಂದು ಹಿಡಿ ನೀನೇ ತಾ ಎಂದ. ಪಂಪಾಪತಿ ಬಗ್ಗಿ ಒಳಗೆ ಹೋದ. ಬರುವುದು ತಡವಾಯಿತು. ಹೊರಗೆ ಬಂದವನ ಮುಷ್ಟಿ ಮುಚ್ಚಿತ್ತು, ಮೊಣಕೈವರೆಗೆ ನೀರಿಳಿಯುತ್ತಿತ್ತು. ಮುಷ್ಟಿ ಬಿಚ್ಚಿದ. ಲಾಡಿನ ಹಾಗೆ ಗುಂಡಗಿತ್ತು.

"ನಿನ್ನೆ ಸಂಜೀಗೆ ಒಣಗಿತ್ರಿ," ಅಂದ. "ನಾನ ನೋಡೀನಿ."

"ಒಣಗಿತ್ತು," ಆತ ಒಪ್ಪಿದ. ದನಿಯಲ್ಲಿ ಕೊಂಕಿರಲಿಲ್ಲ. "ನಾನೂ ಹೌದಂತೀನಿ. ರಾತ್ರಿ ಮಳಿ ಬಂದಿಲ್ಲ. ಮಾಳಿಗಿ ಸೋರಿಲ್ಲ. ನೀ ನಿಮ್ಮೂರಾಗ ಇದ್ದಿ. ನನ್ನ ಮೊಣಕಾಲು ಬಗ್ಗಾಂಗಿಲ್ಲ, ಒಳಗ ಹೋಗಾಂಗಿಲ್ಲ. ಉಳದಾರು ಯಾರು? ನೀನ ಲೆಕ್ಕ ಹಾಕು."

ಹುಲಿಗೆಮ್ಮ ಬಾಗಿಲಿನಿಂದ ಬಂದು ಹುಡುಗನ ಅಂಗೈಯಿಂದ ಆ ಉಂಡೆಯನ್ನು ತೆಗೆದುಕೊಂಡಳು. ಮೂಸಿದಳು. ಮುರಿದಳು.

"ಇದು ಬಾತಿನ ನೀರಲ್ಲ. ಕಾಲುವಿ ನೀರು."

"ಕೇಳಿದೇನಪಾ," ಆತ ಹುಡುಗನಿಗೆ ಹೇಳಿದ. "ಕಾಲುವಿ ನೀರಂತ. ಕಾಲುವಿಗೆ ಕೊಡ ಒಯ್ಯಾಕಿ ನಮ್ಮ ಮನ್ಯಾಗ ಅಕಿ ಒಬ್ಬಾಕಿನ."

ಪಂಪಾಪತಿ ಅವಳ ಮುಖ ನೋಡಿದ. ನಾ ಹಾಕಿಲ್ಲ ಎಂದಳು ಅವಳು, ಒಂದೇ ಸಲ, ಮೆತ್ತಗೆ. ಹಂಗಾರ ಯಾರು ಹಾಕಿದ್ರು ಹೇಳವ್ವಾ ಎಂದು ಅಪ್ಪ ಅಷ್ಟೇ ಮೆತ್ತಗೆ ಕೇಳಿದ. ಅವಳು ಅಪ್ಪನ ಮೊಣಕಾಲು ನೋಡಿದಳು, ಜಂತಿ ನೋಡಿದಳು, ಗೂಡಿನ ಬಾಗಿಲು ನೋಡಿದಳು. ನನ್ನ ಹೆಂಡತಿ ನಡುವೆ ಬಾಯಿ ಹಾಕಿ, ಅವಳು ಸೀರೆ ತಂದಿಟ್ಟಿದ್ದಾಳೆ, ಅಂಥವಳು ಯಾಕೆ ನೀರು ಹಾಕುತ್ತಾಳೆ ಎಂದು ಹೇಳತೊಡಗಿದಳು. ಆತ ಅದಕ್ಕೂ ಕಾಯುತ್ತಿದ್ದವನ ಹಾಗೆ, ಸೀರಿ ಉಡಾಕ ಭಾಳ ಮಂದಿ ಅದಾರ ಎಂದ. ಆ ಮಾತಿಗೆ ಅರ್ಥವೇ ಇರಲಿಲ್ಲ, ಆದರೆ ದೊಡ್ಡವ್ವನ ಮುಖ ಕಪ್ಪಿಟ್ಟಿತು. ಅವಳು ಚೀಲ ಎತ್ತಿಕೊಂಡಳು.

"ನಡಿ ಮಗನ. ಒಲ್ಲದಾಕಿ ಬಾಗಿಲಾಗ ನಿಂದ್ರಬಾರದು."

ಪಂಪಾಪತಿ ಹೋದ. ಹೋಗುವಾಗ ಅಂಗೈಯನ್ನು ಅಂಗಿಗೆ ಒರೆಸಿಕೊಂಡ, ಬಿಳಿ ಅಂಗಿಯ ಮೇಲೆ ಕಂದು ಪಟ್ಟೆ ಮೂಡಿತು. ಆಮೇಲೆ ನನ್ನ ಹೆಂಡತಿ ಫೋನ್ ಮಾಡಿದಳು, ಎತ್ತಲಿಲ್ಲ. ನಾನು ವಡ್ಡಿಗೆ ಹೋದೆ. ದೊಡ್ಡವ್ವ ಬಾಗಿಲಲ್ಲೇ ನಿಂತು, ನೀವು ದೊಡ್ಡವರು, ನಿಮಗೆ ಏನೂ ಅನ್ನುವುದಿಲ್ಲ, ಆ ಮನೆಯ ಹೆಸರು ಇಲ್ಲಿ ಎತ್ತಬೇಡಿ ಎಂದಳು. ಇದು ಆತನದೇ ಕೆಲಸ ಎಂದು ನನಗೆ ಸಂಶಯವಿತ್ತು. ಹೇಗೆ ಮಾಡಿದ ಎಂಬುದು ಗೊತ್ತಿರಲಿಲ್ಲ.

ಅದನ್ನು ಆತನೇ ಹೇಳಿದ. ಮಾಘದಲ್ಲಿ, ಪಂಪಾಪತಿಗೆ ಯಶವಂತನಗರದ ಹೆಣ್ಣಿನ ಜೊತೆ ಮದುವೆಯಾಯಿತೆಂದು ಗಿರಣಿಗೆ ಸುದ್ದಿ ಬಂತು. ಸಂಜೆ ಹೋಗಿ ಹೇಳಿದೆ. ಆತನಿಗೆ ಚುರುಕ್ಕೆನ್ನಲಿ ಎಂದೇ ಹೇಳಿದೆ. ತಾಳಿ ಕಟ್ಟಿದ್ದು ಖರೆಯೇನು ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಬೀಡಿ ಹಚ್ಚಿ, ಊರಿನ ಯಾವುದೋ ಹಳೆಯ ಕಥೆ ಹೇಳುವವನ ಹಾಗೆ ಶುರು ಮಾಡಿದ.

"ಗದ್ದಿಗೆ ಹುಳದ ಎಣ್ಣಿ ಹೊಡಿಯೋ ಪಂಪು ಇಲ್ಲೇನು, ಬೆನ್ನಿಗೆ ಹಾಕ್ಕೊಳ್ಳೋದು? ಅದರಾಗ ಅಕಿ ತಂದಿಟ್ಟ ಕಾಲುವಿ ನೀರು ತುಂಬಿ, ಹಿಂದಿನ ಗ್ವಾಡಿ ಸಂದಿಯಿಂದ ನಳಿಗಿ ತೂರಿಸಿ ಹೊಡದೆ. ಬಗ್ಗೋದು ಯಾಕ ಬೇಕು? ಮಂಜು ಬಿದ್ದಂಗ ಬಿತ್ತು ನೋಡು. ಒಂದು ಬಾತೂ ಎದ್ದು ಕೂಗಲಿಲ್ಲ."

ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅಕಿ ಹೋದ್ರ ಸಲಿಕಿ ಹಿಡಿಯೋರು ಯಾರು, ನೀ ಹಿಡೀತೀಯೇನು ಎಂದ. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಇರಬಹುದೆಂದು ನಾನು ಬಹಳ ದಿನ ಹುಡುಕಿದೆ, ಮಗಳ ಮೇಲಿನ ಮೋಹ, ಒಂಟಿತನದ ಅಂಜಿಕೆ, ಏನಾದರೂ. ಸಿಗಲಿಲ್ಲ. ಸಲಿಕೆಗೆ ಕೈ ಬೇಕಾಗಿತ್ತು.

ನಾನು ಹೆಂಡತಿಗೆ ಹೇಳಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಬೇಲಿ ದಾಟಿ ಹೋಗಿ ಹುಲಿಗೆಮ್ಮನಿಗೆ ಹೇಳಿದಳು. ಹುಲಿಗೆಮ್ಮ ಅಳಲಿಲ್ಲವಂತೆ. ಪಂಪಿನ ಸುದ್ದಿ ಕೇಳಿ, ಗೂಡಿನ ಹಿಂದೆ ಹೋಗಿ ಗೋಡೆಯ ಸಂದಿಯಲ್ಲಿ ಬೆರಳು ಹಾಕಿ ನೋಡಿ ಬಂದು, "ಹೌದು, ನಳಿಗಿ ಹಿಡಸ್ತೈತಿ," ಅಂದಳಂತೆ.

ಮರುದಿನ ಹೊತ್ತು ಏರುವ ಮುಂಚೆಯೇ ಸಲಿಕೆಯ ಸದ್ದು ಕೇಳಿಸಿತು. ಚಳಿ ಇನ್ನೂ ಇತ್ತು. ಹುಲಿಗೆಮ್ಮ ಹಾಸನ್ನು ತೆಗೆಯುತ್ತಿದ್ದಳು. ಮೇಲಿನದಲ್ಲ, ಪೂರಾ. ಕೆಳಗಿನ ಪದರ ಹೊರಗೆ ಬಿದ್ದ ಹಾಗೆ ಹಬೆ ಏಳುತ್ತಿತ್ತು. ಆತ ಮೊದಲು ಹೊರಸಿನ ಮೇಲಿಂದ ಹಂಗಿಸಿದ, ನಿಮ್ಮವ್ವನ ಹುಚ್ಚು ನಿನಗೂ ಬಂತೇನು ಎಂದ. ಆಮೇಲೆ ಬೈದ. ಅವಳು ಪುಟ್ಟಿ ಪುಟ್ಟಿಯೇ ಹೊತ್ತು ರಸ್ತೆಯ ಅಂಚಿಗೆ ಚೆಲ್ಲಿದಳು, ಬೇಕಾದವರು ಒಯ್ಯಲಿ ಎಂದು. ಚಳಿಯಲ್ಲಿ ತೆಗೆದರೆ ಬಾತು ಸಾಯುತ್ತವೆ ಎಂದು ಆತ ಕೂಗಿದ. ಅವಳು ಕಾಲುವೆಯಿಂದ ಕೊಡ ತಂದು ನೆಲ ತೊಳೆಯತೊಡಗಿದಳು. ಪೊರಕೆಯಿಂದ ತಿಕ್ಕಿ ತಿಕ್ಕಿ, ನಾವು ಯಾರೂ ಅಲ್ಲಿಯವರೆಗೆ ತೊಳೆದದ್ದನ್ನು ಕಾಣದಿದ್ದ ಕರಿ ಚಪ್ಪಡಿ ಹೊರಗೆ ಬಂತು.

ಕೊನೆಗೆ ಮೂಲೆಯಲ್ಲಿ ಒಂದು ಪುಟ್ಟಿ ಉಳಿಯಿತು. ಆತ ಗೋಡೆ ಹಿಡಿದು ಎದ್ದು, ಕುಂಟುತ್ತ ಬಾಗಿಲ ತನಕ ಬಂದ. ಆ ಮನುಷ್ಯ ಬೇಡಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಹೆಪ್ಪು ಬಿಡವ್ವಾ. ನಮ್ಮಪ್ಪನ ಕಾಲದ್ದು. ಅದೊಂದು ಬಿಡು."

ಅವಳು ಪುಟ್ಟಿಯನ್ನು ತಲೆಗೇರಿಸಿಕೊಂಡು ಆತನ ಮುಂದೆಯೇ ನಡೆದು ಹೋಗಿ ಕಾಲುವೆಗೆ ಸುರಿದು ಬಂದಳು.

ಬಾತುಗಳು ಆ ಚಪ್ಪಡಿಯ ಮೇಲೆ ನಿಲ್ಲಲಾರದೆ ಜಾರಿ ಜಾರಿ ಬೀಳುತ್ತಿದ್ದವು. ಹರಿಯುವ ನೀರಿನಲ್ಲಿ ಕೈ ತೊಳೆದುಕೊಂಡು, ಕೊಯ್ಲಾದ ಗದ್ದೆಯಲ್ಲಿ ಬಿಡಾರ ಹೂಡಿದ್ದ ಹಿಂಡಿನವರನ್ನು ಕರೆತಂದು, ಎಲ್ಲವನ್ನೂ ಹೊಡೆದುಕೊಂಡು ಹೋಗಲು ಹೇಳಿದ್ದೂ ಅವಳೇ. ಹಿಂಡು ಹೋದ ಮೇಲೆ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡಳು. ಹೊಸ ಸೀರೆ ನಮ್ಮ ಪೆಟ್ಟಿಗೆಯಲ್ಲಿತ್ತು. ನನ್ನ ಹೆಂಡತಿ ತಂದುಕೊಟ್ಟರೆ, ನೀನೇ ಉಡಕ್ಕಾ ಎಂದಳು. ಅಪ್ಪನ ಮುಂದೆ ನಿಂತು, "ಬಳದೀನಿ. ಇನ್ನ ನಿನಗ ಸಲಿಕಿ ಹಿಡಿಯೋರು ಬ್ಯಾಡ," ಎಂದಳು. ಮಧ್ಯಾಹ್ನದ ಹೊಸಪೇಟೆ ಬಸ್ಸಿಗೆ ಹೋದಳು. ಅಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತಳು, ಈಗಲೂ ಅಲ್ಲೇ ಇದ್ದಾಳೆ.

ಆತ ಅದರ ನಂತರವೂ ಕೆಲವು ವರ್ಷ ಬದುಕಿದ. ಬಾತು ಮತ್ತೆ ತರಲಿಲ್ಲ. ಖಾಲಿ ಗೂಡಿನ ಎದುರಿಗೆ ಹೊರಸು ಹಾಕಿಕೊಂಡು ಕುಳಿತಿರುತ್ತಿದ್ದ. ಎರಡು ಹೊತ್ತಿನ ಊಟ ನಮ್ಮ ಮನೆಯಿಂದ ಹೋಗುತ್ತಿತ್ತು. ಮಕ್ಕಳಾಗದವಳ ಕೈಯ ಅನ್ನ ತಿನ್ನುತ್ತ, ಉಪ್ಪು ಕಡಿಮೆ, ಹಿಂಗ ಅಡಿಗಿ ಮಾಡಿದ್ರ ಯಾವ ಕೂಸು ಬರ್ತೈತಿ ನಿಮ್ಮ ಮನಿಗೆ ಎಂದು ಹೇಳಿ ಕಳಿಸುತ್ತಿದ್ದ. ಹಾಕಬೇಡ ಎಂದು ನಾನು ಹೆಂಡತಿಗೆ ಹೇಳಿದೆ. ನಾಯಿಗೂ ಹಾಕ್ತೀವಲ್ಲ ಎಂದು ಅವಳು ಡಬ್ಬಿ ತುಂಬುತ್ತಿದ್ದಳು. ಮಗಳನ್ನು ಆತ ಒಮ್ಮೆಯೂ ಕೇಳಲಿಲ್ಲ. ರಸ್ತೆಗೆ ಸುರಿದ ಗೊಬ್ಬರವನ್ನು ಯಾರು ಒಯ್ದರು, ಅವರ ಗದ್ದೆ ಹೇಗೆ ಬಂತು ಎಂದು ಮಾತ್ರ ವಿಚಾರಿಸುತ್ತಿದ್ದ. ಮಾತಿನ ಹದ ಕೊನೆಯ ತನಕ ಕೆಡಲಿಲ್ಲ. ನಾನು ಬೇಲಿ ದಾಟಿ ಹೋಗುವುದನ್ನೂ ಬಿಡಲಿಲ್ಲ, ಹೋಗಿ ನಗುವುದನ್ನೂ ಬಿಡಲಿಲ್ಲ. ಆತ ಕೆಟ್ಟ ಮನುಷ್ಯ. ಆತನಿಲ್ಲದ ಸಂಜೆ ನನಗೆ ಉದ್ದವೆನಿಸುತ್ತದೆ. ಎರಡೂ ನಿಜ.

ಸತ್ತಾಗ ಹುಲಿಗೆಮ್ಮನಿಗೆ ಫೋನ್ ಮಾಡಿದೆವು. ಮಣ್ಣು ಮಾಡಿರಿ ಎಂದಳು, ಬರಲಿಲ್ಲ. ನಾವು ನಾಲ್ಕು ಮನೆಯವರು ಕೂಡಿ ಮಣ್ಣು ಮಾಡಿದೆವು. ಅಳಲು ಯಾರೂ ಇರಲಿಲ್ಲ.

ಅದಾಗಿ ಒಂದು ವಾರಕ್ಕೆ ಪಂಪಾಪತಿ ಬಂದ. ಸುದ್ದಿ ಯಾರೋ ಮುಟ್ಟಿಸಿದ್ದರು. ಮೈ ತುಂಬಿಕೊಂಡಿದ್ದ, ಕಿವಿಯ ಹತ್ತಿರ ನರೆ. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ನಮ್ಮ ಕಡೆಗೆ ಬಂದು ನನ್ನ ಹೆಂಡತಿಯನ್ನು ಕೇಳಿದ, ಅಕ್ಕಾ, ಅವಳು ಅವತ್ತು ನೀರು ಯಾಕೆ ಹಾಕಿದಳು ಎಂದು. ಇಷ್ಟು ವರ್ಷ ಅದನ್ನೇ ಹೊತ್ತುಕೊಂಡಿದ್ದನಂತೆ. ಹೆಂಡತಿ ಪಂಪಿನ ಸಂಗತಿ ಹೇಳಿದಳು. ಅವನು ನಮ್ಮ ಕಟ್ಟೆಯ ಮೇಲೆ ಕುಳಿತ. ನೀರು ಕೊಟ್ಟೆವು, ಲೋಟ ಹಿಡಿದುಕೊಂಡೇ ಇದ್ದ. ಆಮೇಲೆ ಎದ್ದು, ಬರ್ತೀನ್ರಿ ಎಂದು ಬೈಕ್ ಹತ್ತಿ ಊರಿಗೆ ಹೋದ.

ಆ ರಾತ್ರಿ ನನ್ನ ಹೆಂಡತಿ ಹುಲಿಗೆಮ್ಮನಿಗೆ ಫೋನ್ ಹಚ್ಚಿ ಹೇಳಿದಳು. ಸಾರು ಒಲೆಯ ಮೇಲಿದೆ ಎಂದು ಅವಳು ಫೋನ್ ಇಟ್ಟುಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳೇ ಮಾಡಿದಳು.

"ಅಕ್ಕಾ, ಏನಂದ?"

ಏನೂ ಅನ್ನಲಿಲ್ಲ ಎಂದಳು ನನ್ನ ಹೆಂಡತಿ.

"ನಿಂತಿದ್ನಾ, ಕುಂತಿದ್ನಾ?"

ಕುಂತಿದ್ದ ಎಂದಳು.

"ಎಷ್ಟೊತ್ತು?"

ಹೊತ್ತು ಮುಳುಗುವ ತನಕ ಎಂದು ನನ್ನ ಹೆಂಡತಿ ಹೇಳಿದಳು. ಆ ಕಡೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಆಮೇಲೆ ಹುಲಿಗೆಮ್ಮ, ಆತು ಅಕ್ಕಾ, ಹುಡುಗ್ರು ಊಟಕ್ಕ ಬಂದ್ರು ಎಂದು ಫೋನ್ ಇಟ್ಟಳು.